ಲೆಕ್ಕದ ಪುಸ್ತಕದಲ್ಲಿ ಇತಿಹಾಸ ಪಾಠ

ಮಗಳ ಶಾಲೆಯ ಪೋಷಕರ ಸಭೆಗೆ ಹೋದರೆ ನಾನು ಗಣಿತದ ಟೀಚರ ಮುಂದೆ ಹೆಚ್ಚು ಹೊತ್ತು ಕೂರುವವಳು, ಇತಿಹಾಸದ ಟೀಚರಿಗೆ ಒಂದು ನಮಸ್ಕಾರ ಹೇಳಿ ಎದ್ದು ಬರುವವಳು. ಎರಡು ವರ್ಷದ ಹಿಂದೆ ಹಾಗಾಗಲಿಲ್ಲ. ಇತಿಹಾಸದ ಟೀಚರೇ ನನ್ನನ್ನು ಕೂರಿಸಿಕೊಂಡರು. ಇವಳು ಚುರುಕಿದ್ದಾಳೆ, ಆದರೆ ಏನು ತೋರಿಸಿದರೂ ‘ಇದರಿಂದ ನನಗೇನು?’ ಅನ್ನುತ್ತಾಳೆ ಎಂದರು. ಆಮೇಲೆ ಕೇಳಿದರು: ನಿಮ್ಮ ಮನೆಯಲ್ಲಿ ಐವತ್ತು ವರ್ಷಕ್ಕಿಂತ ಹಳೆಯದಾದ ಕಾಗದ ಯಾವುದಾದರೂ ಇದೆಯೇ? ಪತ್ರ, ಟಿಕೆಟ್, ರಸೀದಿ, ಯಾವುದಾದರೂ ಸರಿ.

ಇಂಗ್ಲೆಂಡಿನಲ್ಲಿ ಇತಿಹಾಸ ಹದಿನಾಲ್ಕರ ವಯಸ್ಸಿನವರೆಗೆ ಮಾತ್ರ ಕಡ್ಡಾಯ. ಒಂಬತ್ತನೆಯ ವರ್ಷದ ತರಗತಿಯಲ್ಲಿ ಮಕ್ಕಳು ಮುಂದಿನ ಪರೀಕ್ಷೆಗೆ ಬೇಕಾದ ವಿಷಯಗಳನ್ನು ಆರಿಸಿಕೊಳ್ಳುತ್ತಾರೆ. ಇತಿಹಾಸ ಬೇಡವೆಂದರೆ ಅಲ್ಲಿಗೆ ಮುಗಿಯಿತು. ನಮ್ಮ ಮನೆಯಲ್ಲಿ ಅದು ಮುಗಿದ ಮಾತೇ ಆಗಿತ್ತು. ಬಿಸಿನೆಸ್ ತೆಗೆದುಕೊಳ್ಳುತ್ತಾಳೆ, ಅಮ್ಮನ ದಾರಿ ಹಿಡಿಯುತ್ತಾಳೆ ಎಂದು ನಾನೇ ನಾಲ್ಕು ಮನೆಯಲ್ಲಿ ಹೇಳಿಕೊಂಡು ಬಂದಿದ್ದೆ.

ನಾನೂ ಇತಿಹಾಸವನ್ನು ಹಾಗೆಯೇ ಬಿಟ್ಟವಳು. ಎಸ್ಸೆಸ್ಸೆಲ್ಸಿಯಲ್ಲಿ ‘ಅಕ್ಬರನ ಧಾರ್ಮಿಕ ನೀತಿಯನ್ನು ವಿವರಿಸಿ’ ಎಂದರೆ ಗೈಡಿನ ಆರು ಅಂಶ, ನಾಲ್ಕು ಅಂಕ. ಆರನ್ನೂ ಅಡಿಗೆರೆ ಎಳೆದು ಬರೆದು ಬಂದೆ. ಪಿಯುಸಿಗೆ ಕಾಮರ್ಸ್ ತೆಗೆದುಕೊಂಡ ದಿನ ಅಷ್ಟೂ ಮರೆತೆ. ಬಿಕಾಂ, ಸಿಎ, ಮಂಗಳೂರಿನಲ್ಲಿ ಆರ್ಟಿಕಲ್‌ಶಿಪ್ ಮುಗಿಸಿ 2008ರಲ್ಲಿ ಲಂಡನ್ನಿನ ಪಶ್ಚಿಮದ ಈ ಉಪನಗರಕ್ಕೆ ಬಂದೆ. ಆರ್ಟಿಕಲ್‌ಶಿಪ್ಪಿನಲ್ಲಿ ಕಲಿತ ಮೊದಲ ಪಾಠ ಮಾತ್ರ ಇಂದಿಗೂ ಕೈಬಿಟ್ಟಿಲ್ಲ: ವೋಚರ್ ನೋಡದೆ ಎಂಟ್ರಿ ನಂಬಬೇಡ. ಇತಿಹಾಸದ ಟೀಚರ್ ರಸೀದಿ ಕೇಳಿದಾಗ ನನಗೆ ನಗು ಬಂದದ್ದು ಅದಕ್ಕೇ.

ಆದರೂ ಮೊದಲು ನನಗೆ ಹೊಳೆದದ್ದು ರಸೀದಿಯಲ್ಲ, ತಮಾಷೆ. ಮಕ್ಕಳಿಗೆ ಇತಿಹಾಸ ಹಿಡಿಸಬೇಕಾದರೆ ಕಣ್ಣಿಗೆ ಹಬ್ಬ ಬೇಕು ಎಂದುಕೊಂಡು ಅವಳನ್ನೂ ಇಲ್ಲಿಯ ನಮ್ಮ ಕನ್ನಡ ಶಾಲೆಯ ದೊಡ್ಡ ಮಕ್ಕಳನ್ನೂ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಕರೆದುಕೊಂಡು ಹೋದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹೊತ್ತು ತಂದ ಟಿಪ್ಪುವಿನ ಮರದ ಹುಲಿ ಅಲ್ಲಿದೆ. ಸಿಪಾಯಿಯ ಮೇಲೆ ಎರಗಿದ ಹುಲಿ, ಹೊಟ್ಟೆಯೊಳಗೆ ಆರ್ಗನ್. ಇದಕ್ಕಿಂತ ರೋಚಕವಾದದ್ದು ಇನ್ನೇನು ಬೇಕು? ಮಕ್ಕಳು ಗಾಜಿನ ಮುಂದೆ ಫೋಟೋ ತೆಗೆದುಕೊಂಡರು, ಕೂಗುತ್ತದೆಯಾ ಎಂದು ಕೇಳಿದರು, ಹಿಡಿಕೆ ತಿರುಗಿಸಲು ಬಿಡುವುದಿಲ್ಲ ಎಂದು ಗೊತ್ತಾದ ಮೇಲೆ ಕೆಫೆ ಎಲ್ಲಿ ಎಂದರು. ಅವರದು ತಪ್ಪಲ್ಲ. ಹುಲಿ ತಾನು ಹೇಳಬೇಕಾದದ್ದನ್ನೆಲ್ಲ ಒಂದೇ ನೋಟಕ್ಕೆ ಹೇಳಿ ಮುಗಿಸಿಬಿಡುತ್ತದೆ. ನೋಡಿದವರಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ.

ಮಾಡಲು ಕೆಲಸ ಕೊಡಬೇಕು ಎಂಬುದನ್ನು ಈ ದೇಶದ ಇತಿಹಾಸದ ಮೇಷ್ಟ್ರುಗಳು ಯಾವತ್ತೋ ಕಂಡುಕೊಂಡಿದ್ದರು. 1972ರಲ್ಲಿ ಶುರುವಾದ ಸ್ಕೂಲ್ಸ್ ಕೌನ್ಸಿಲ್ ಹಿಸ್ಟರಿ ಪ್ರಾಜೆಕ್ಟ್ ಎಂಬ ಯೋಜನೆ, ಪಾಠವನ್ನು ರಾಜರಿಂದಲ್ಲ, ಪತ್ತೇದಾರಿಕೆಯಿಂದ ಆರಂಭಿಸಿತು. ಮಾರ್ಕ್ ಪುಲ್ಲೆನ್ ಎಂಬ ಕಾಲ್ಪನಿಕ ಹುಡುಗ ಸತ್ತುಬಿದ್ದಿದ್ದಾನೆ. ಅವನ ಪರ್ಸಿನಲ್ಲಿ ಸಿಕ್ಕ ಚೀಟಿಗಳು ಇಷ್ಟು. ಅವನು ಯಾರು, ಏನಾಯಿತು, ನೀವೇ ಹೇಳಿ. ಹದಿಮೂರರ ಮಕ್ಕಳು ಚೀಟಿಗಳನ್ನು ಹರಡಿಕೊಂಡು ಜಗಳವಾಡಬೇಕು. ನನ್ನ ದೃಷ್ಟಿಯಲ್ಲಿ ಇದು ಅಪ್ಪಟ ಆಡಿಟ್. ಇದು ಹತ್ತನೆಯಲ್ಲಿ ನನಗೆ ಸಿಕ್ಕಿದ್ದರೆ ಏನಾಗುತ್ತಿದ್ದೆನೋ ಎಂದು ಆಗಾಗ ಅನಿಸುತ್ತದೆ. ಆದರೆ ಆಗ ಮನೆಸಾಲ ಕಟ್ಟುವವರು ಯಾರು?

ಮಗಳ ತರಗತಿಯಲ್ಲಿ ಆ ತಿಂಗಳು ನಡೆಯುತ್ತಿದ್ದದ್ದು ಗುಲಾಮಗಿರಿಯ ಪಾಠ. ಹಡಗಿನ ಒಳಗೆ ಮನುಷ್ಯರನ್ನು ಸಾಲಾಗಿ ಮಲಗಿಸಿದ ಆ ಪ್ರಸಿದ್ಧ ಚಿತ್ರ, ಒಂದು ಸಿನಿಮಾದ ತುಣುಕು, ಕೊನೆಗೆ ಸಂಸತ್ತಿನಲ್ಲಿ ವಿಲ್ಬರ್‌ಫೋರ್ಸ್. ಒಳ್ಳೆಯವರು ಗೆದ್ದರು, ಪಾಠ ಮುಗಿಯಿತು. ‘ಬೇಜಾರಾಯಿತು, ಅಷ್ಟೇ’ ಎಂದಳು ಮಗಳು. ಆಗ ನಾನು ಯೂನಿವರ್ಸಿಟಿ ಕಾಲೇಜ್ ಲಂಡನ್ನಿನವರು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿರುವ ಒಂದು ದಾಖಲೆಯ ಕಣಜವನ್ನು ತೆರೆದೆ. ಸಹೋದ್ಯೋಗಿಯೊಬ್ಬರ ಬಾಯಲ್ಲಿ ಅದರ ಹೆಸರು ಕೇಳಿದ್ದೆ, ಅಷ್ಟೇ. ಅದರಲ್ಲಿರುವುದು ಗುಲಾಮರ ಕಥೆಯಲ್ಲ, ಗುಲಾಮರ ಒಡೆಯರಿಗೆ ಸರ್ಕಾರ ಕೊಟ್ಟ ಪರಿಹಾರದ ಲೆಕ್ಕ.

ಸಂಗತಿ ಇಷ್ಟು. 1833ರಲ್ಲಿ ಬ್ರಿಟನ್ ಗುಲಾಮಗಿರಿಯನ್ನು ರದ್ದು ಮಾಡುವ ಕಾನೂನು ತಂದಿತು. ಅದು 1834ರ ಆಗಸ್ಟ್ 1ರಂದು ಜಾರಿಗೆ ಬಂತು. ಸುಮಾರು 8 ಲಕ್ಷ ಜನ ಬಿಡುಗಡೆಯಾಗಬೇಕಿತ್ತು. ಅವರು ಕಾನೂನಿನ ಪ್ರಕಾರ ಆಸ್ತಿ. ಆಸ್ತಿ ಕಳೆದುಕೊಂಡವರಿಗೆ ಪರಿಹಾರ ಬೇಡವೇ? ಸರ್ಕಾರ ಮೊದಲು 1.5 ಕೋಟಿ ಪೌಂಡ್ ಸಾಲ ಕೊಡುವ ಮಾತಾಡಿತ್ತು; ಚೌಕಾಸಿ ನಡೆದು ಅದು 2 ಕೋಟಿ ಪೌಂಡ್ ಅನುದಾನವಾಯಿತು. ಅಂದಿನ ಸರ್ಕಾರದ ವಾರ್ಷಿಕ ಖರ್ಚಿನಲ್ಲಿ ಅದು ಸುಮಾರು 40 ಶೇಕಡಾ. ಪೂರ್ತಿ ಒಡೆಯರಿಗೆ. ಬಿಡುಗಡೆಯಾದವರಿಗೆ ಒಂದು ಪೆನ್ನಿಯೂ ಇಲ್ಲ. ಸಾಲದ್ದಕ್ಕೆ ‘ಅಪ್ರೆಂಟಿಸ್’ ಎಂಬ ಹೊಸ ಹೆಸರಿನಲ್ಲಿ 1838ರವರೆಗೆ ಅದೇ ಒಡೆಯರ ಹತ್ತಿರ ಬಿಟ್ಟಿ ದುಡಿಮೆ.

ಇದನ್ನು ಪಠ್ಯಪುಸ್ತಕದ ಸಾಲಾಗಿ ಓದಿದರೆ ಯಾವ ಮಗುವೂ ತಲೆ ಎತ್ತುವುದಿಲ್ಲ. ಲೆಕ್ಕದ ಹಾಳೆಯಾಗಿ ಮುಂದಿಟ್ಟರೆ ಎತ್ತುತ್ತದೆ. ಪರಿಹಾರದ ಪಟ್ಟಿಯ ಕಾಲಂಗಳನ್ನು ನೋಡಿ: ಮುಖ್ಯಾಳುಗಳು, ಕಸುಬುದಾರರು, ಕೆಳದರ್ಜೆಯ ಕಸುಬುದಾರರು, ಹೊಲದಾಳುಗಳು, ಕೆಳದರ್ಜೆಯ ಹೊಲದಾಳುಗಳು, ಮನೆಗೆಲಸದವರು. ಆಮೇಲೆ ಆಗಸ್ಟ್ 1ಕ್ಕೆ ಆರು ವರ್ಷ ತುಂಬದ ಮಕ್ಕಳು. ಕಟ್ಟಕಡೆಗೆ ಮುದುಕರು, ರೋಗಿಗಳು, ಕೆಲಸಕ್ಕೆ ಬಾರದವರು. ಪ್ರತಿ ದರ್ಜೆಗೆ ಒಂದು ದರ. ಆ ದರ ನಿಗದಿಯಾದದ್ದು ಪ್ರತಿ ವಸಾಹತಿನಲ್ಲಿ 1822ರಿಂದ 1830ರವರೆಗೆ ನಡೆದ ಮನುಷ್ಯರ ಮಾರಾಟದ ಸರಾಸರಿ ಬೆಲೆಯ ಆಧಾರದ ಮೇಲೆ. ಹಾಗಾಗಿ ಬ್ರಿಟಿಷ್ ಗಯಾನಾದ ಒಬ್ಬ ಆಳಿಗೆ ಜಮೈಕಾದ ಆಳಿನ ಎರಡು ಪಟ್ಟಿಗೂ ಹೆಚ್ಚು ಪರಿಹಾರ. ಯಾಕಮ್ಮ, ಅಲ್ಲಿಯವರು ಹೆಚ್ಚು ಗಟ್ಟಿಯಾ? ಎಂದಳು ಮಗಳು. ಅಲ್ಲ, ಅಲ್ಲಿಯ ಹೊಸ ನೆಲದಲ್ಲಿ ಕಬ್ಬು ಚೆನ್ನಾಗಿ ಬರುತ್ತಿತ್ತು, ಆಳುಗಳು ಸಾಲುತ್ತಿರಲಿಲ್ಲ. ಬೆಲೆ ಮನುಷ್ಯನದಲ್ಲ, ಸಕ್ಕರೆಯದು. ಅವಳು ತಾನಾಗಿ ಕೇಳಿದ ಮೊದಲ ಇತಿಹಾಸದ ಪ್ರಶ್ನೆ ಅದು.

ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್ ನಮ್ಮ ಮನೆಯಿಂದ ದೂರವಲ್ಲ. ಈ ಪರಿಹಾರದ ಕಾಗದಗಳೂ ಅದಕ್ಕೆ ಆಧಾರವಾದ ಗುಲಾಮರ ನೋಂದಣಿ ಪುಸ್ತಕಗಳೂ ಅಲ್ಲಿ ‘ಟಿ 71’ ಎಂಬ ಗುರುತಿನಲ್ಲಿವೆ. ನಾವು ನೋಡಿದ್ದು ಪರದೆಯ ಮೇಲಿನ ಪ್ರತಿಗಳನ್ನು. ಜಮೈಕಾದಲ್ಲಿ 1817ರಿಂದ ಮೂರು ವರ್ಷಕ್ಕೊಮ್ಮೆ ಒಡೆಯರು ಪಟ್ಟಿ ಸಲ್ಲಿಸಬೇಕಿತ್ತು: ಹೆಸರು, ವಯಸ್ಸು, ಬಣ್ಣ, ಆಫ್ರಿಕಾದಲ್ಲಿ ಹುಟ್ಟಿದ್ದೋ ಇಲ್ಲಿಯೇ ಹುಟ್ಟಿದ್ದೋ. ಮುಂದಿನ ಸಲದ ಪಟ್ಟಿಯಲ್ಲಿ ‘ಹೆಚ್ಚಳ’ ಮತ್ತು ‘ಇಳಿಕೆ’. ಹುಟ್ಟಿದ್ದು, ಕೊಂಡದ್ದು ಹೆಚ್ಚಳ. ಸತ್ತದ್ದು, ಮಾರಿದ್ದು ಇಳಿಕೆ. ನಾನು ಪ್ರತಿ ಮಾರ್ಚಿಯಲ್ಲಿ ಗ್ರಾಹಕರ ಯಂತ್ರಗಳಿಗೆ, ವಾಹನಗಳಿಗೆ ಮಾಡುವ ಪಟ್ಟಿ ಹೀಗೆಯೇ ಇರುತ್ತದೆ: ಆರಂಭದ ಬಾಕಿ, ಸೇರ್ಪಡೆ, ವಜಾ, ಅಂತಿಮ ಬಾಕಿ. ಆ ಬರವಣಿಗೆಯಲ್ಲಿ ಕಾಟಿಲ್ಲ, ಕೊಳೆಯಿಲ್ಲ, ಅಕ್ಷರ ಮುತ್ತಿನಂಥದ್ದು. ನನ್ನಂಥ ಯಾರೋ ಒಬ್ಬರು ಊಟ ಮಾಡಿ ಬಂದು ಕುಳಿತು ಬರೆದದ್ದು. ಅದನ್ನು ಮಗಳಿಗೆ ಹೇಳಲು ಮನಸ್ಸಾಗಲಿಲ್ಲ. ಅವಳೇ ಹೇಳಿದಳು, ‘ಇದು ನಿನ್ನ ಎಕ್ಸೆಲ್ ಶೀಟ್ ಥರ ಇದೆ.’

ಯೂನಿವರ್ಸಿಟಿಯ ಆ ಕಣಜದ ನಿಜವಾದ ಗುಣ, ಅದನ್ನು ಊರಿನ ಹೆಸರಿನಿಂದಲೂ ಹುಡುಕಬಹುದು. ಸುಮಾರು 46,000 ಕ್ಲೇಮುಗಳು. ಹಣದ ಸುಮಾರು ಅರ್ಧ ಭಾಗ ಬಂದದ್ದು ಬ್ರಿಟನ್ನಿನಲ್ಲೇ ಕುಳಿತಿದ್ದ ಒಡೆಯರಿಗೆ. ಅವರೆಲ್ಲ ಚಾವಟಿ ಹಿಡಿದ ದೊಡ್ಡ ಸಾಹುಕಾರರಲ್ಲ. ಎಲ್ಲ ಕ್ಲೇಮುದಾರರಲ್ಲಿ ನೂರಕ್ಕೆ ನಲವತ್ತರಷ್ಟು ಹೆಂಗಸರು. ಗಂಡ ಬಿಟ್ಟುಹೋದ ಎರಡು ಮೂರು ಆಳುಗಳ ಮೇಲೆ ಜೀವನ ನಡೆಸುತ್ತಿದ್ದ ವಿಧವೆಯರೂ ಇದ್ದಾರೆ. ಟೀಚರಿಗೆ ಇದನ್ನು ಬರೆದು ಕಳಿಸಿದೆ. ಅವರಿಗೆ ಕಣಜ ಗೊತ್ತಿತ್ತು, ಆದರೆ ಲೆಕ್ಕದ ದಾರಿಯಿಂದ ಒಳಹೊಕ್ಕಿರಲಿಲ್ಲ. ಮರುವಾರ ತರಗತಿಯಲ್ಲಿ ಮಕ್ಕಳು ತಮ್ಮ ಬಸ್ಸು ಹಾದುಹೋಗುವ ಊರುಗಳ ಹೆಸರು ಹಾಕಿ ಹುಡುಕಿದರಂತೆ. ಇಡೀ ತರಗತಿಯಲ್ಲಿ ಗದ್ದಲವಂತೆ. ಆ ಗದ್ದಲ ಒಳ್ಳೆಯ ಲಕ್ಷಣ ಎಂದರು ಟೀಚರ್.

ಮಗಳನ್ನು ಹಿಡಿದು ನಿಲ್ಲಿಸಿದ್ದು ಬೇರೆ ಒಂದು ಅಂಕಿ. ಪರಿಹಾರ ಕೊಡಲು ಸರ್ಕಾರ 1835ರಲ್ಲಿ ನೇಥನ್ ರಾತ್‌ಚೈಲ್ಡ್ ಮತ್ತು ಮೋಸೆಸ್ ಮಾಂಟೆಫಿಯೋರೆ ಅವರಿಂದ 1.5 ಕೋಟಿ ಪೌಂಡ್ ಸಾಲ ಎತ್ತಿತು. ಆ ಸಾಲ ಬೇರೆ ಬೇರೆ ಬಾಂಡುಗಳಲ್ಲಿ ಬೆರೆಯುತ್ತ, ಹೊಸ ಹೆಸರು ಪಡೆಯುತ್ತ ಬಂದು, ಪೂರ್ತಿ ತೀರಿದ್ದು 2015ರಲ್ಲಿ. ಬೆರೆತ ಸಾಲದಲ್ಲಿ ಯಾವ ಪೌಂಡ್ ಯಾವುದರದ್ದು ಎಂದು ಬೆರಳಿಟ್ಟು ತೋರಿಸಲಾಗದು, ಲೆಕ್ಕಿಗಳಾಗಿ ಅದನ್ನು ಹೇಳಲೇಬೇಕು. ಆದರೆ ಸರ್ಕಾರದ ಖಜಾನೆ ಇಲಾಖೆಯೇ 2018ರಲ್ಲಿ, ನಿಮ್ಮ ತೆರಿಗೆಯಿಂದ ಈ ಸಾಲ ತೀರಿತು ಎಂದು ಹೆಮ್ಮೆಯಿಂದ ಪ್ರಕಟಿಸಿ, ಜನ ಉಗಿದ ಮೇಲೆ ಅಳಿಸಿಹಾಕಿತು. ‘2008ರಿಂದ 2015, ಏಳು ವರ್ಷ ನೀನೂ ಕಟ್ಟಿದ್ದೀ’ ಎಂದಳು ಮಗಳು. ಕಳೆಯುವ ಲೆಕ್ಕ ಅವಳಿಗೆ ಬರುತ್ತದೆ. ಬೆಳ್ತಂಗಡಿ, ಪುತ್ತೂರಿನ ಕಡೆಯಿಂದ ಬಂದ ನಾನು ಜಮೈಕಾದ ಒಡೆಯರಿಗೆ ಕೊಟ್ಟ ಪರಿಹಾರದ ಕಂತು ಕಟ್ಟಿದೆ! ‘ಇದರಿಂದ ನನಗೇನು?’ ಎಂಬ ಪ್ರಶ್ನೆಯನ್ನು ಅವಳು ಆಮೇಲೆ ಕೇಳಲಿಲ್ಲ.

ಒಂದು ಸಂಜೆ ಅವಳೇ ಗ್ಲಾಡ್‌ಸ್ಟನ್ ಹೆಸರು ಹುಡುಕಿದಳು. ನಾಲ್ಕು ಸಲ ಪ್ರಧಾನಿಯಾದ ವಿಲಿಯಂ ಗ್ಲಾಡ್‌ಸ್ಟನ್ ಅವರ ತಂದೆ ಜಾನ್. ಪರಿಹಾರ 1,06,769 ಪೌಂಡ್, 2,508 ಮನುಷ್ಯರಿಗೆ. ಭಾಗಿಸಿ ನೋಡಿದಳು: ತಲೆಗೆ 42 ಪೌಂಡ್ ಚಿಲ್ಲರೆ. ಗಯಾನಾ, ಜಮೈಕಾ ಎರಡೂ ಕಡೆ ಅವರ ತೋಟಗಳಿದ್ದವು. ಹಣ ಬಂತು, ಆದರೆ ಆಳುಗಳು ಕೈತಪ್ಪುತ್ತಾರಲ್ಲ? ಜಾನ್ ಗ್ಲಾಡ್‌ಸ್ಟನ್ 1836ರ ಜನವರಿಯಲ್ಲಿ ಕಲ್ಕತ್ತೆಯ ಗಿಲಾಂಡರ್ಸ್ ಅರ್ಬುತ್‌ನಾಟ್ ಕಂಪನಿಗೆ ಪತ್ರ ಬರೆದು, ಕರಾರಿನ ಮೇಲೆ ಭಾರತದ ಕೂಲಿಗಳನ್ನು ಕಳಿಸಲು ಸಾಧ್ಯವೇ ಎಂದು ವಿಚಾರಿಸಿದರು. ‘ವಿಟ್ಬಿ’, ‘ಹೆಸ್ಪರಸ್’ ಎಂಬ ಎರಡು ಹಡಗುಗಳು 1838ರ ಮೇ 5ರಂದು ಗಯಾನಾ ಮುಟ್ಟಿದವು; ಇಳಿದವರು 396 ಮಂದಿ. ಅಪ್ರೆಂಟಿಸ್ ವ್ಯವಸ್ಥೆ ಮುಗಿಯಲು ಇನ್ನು ಮೂರು ತಿಂಗಳಿತ್ತು. ಬಂದವರಲ್ಲಿ ಅನೇಕರು ಛೋಟಾನಾಗಪುರದ ಗುಡ್ಡಗಾಡಿನವರು. ನಮ್ಮ ಕಡೆಯವರಲ್ಲ, ಆದರೆ ಮಗಳ ಮಟ್ಟಿಗೆ ‘ಇಂಡಿಯನ್ಸ್’. ಪರಿಹಾರದ ಹಾಳೆಯಲ್ಲಿ ಖಾಲಿಯಾದ ಕಾಲಂ ಇನ್ನೊಂದು ಹಾಳೆಯಲ್ಲಿ ತುಂಬಿಕೊಂಡ ಹಾಗೆ.

ಆಗ ಅವಳು ಕೇಳಿದಳು: ‘ಆವಾಗ ನಮ್ಮ ಊರಲ್ಲಿ? ಅಲ್ಲಿಯೂ ಬ್ರಿಟಿಷರೇ ಇದ್ದರಲ್ಲ. ನಮ್ಮವರಿಗೆ ಎಷ್ಟು ಪರಿಹಾರ ಬಂತು?’

ನಾನು ಹುಡುಕಿದೆ. 1833ರ ಕಾನೂನು ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳಿಗೆ ಅನ್ವಯಿಸುವುದಿಲ್ಲ ಎಂದು ಅದರಲ್ಲೇ ಬರೆದಿದೆ. ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿದ್ದ ನಮ್ಮ ಕೆನರಾ ಜಿಲ್ಲೆಯೂ ಅದರಿಂದ ಹೊರಗುಳಿಯಿತು. ಭಾರತದಲ್ಲಿ ಕಾನೂನು ಬಂದದ್ದು ಹತ್ತು ವರ್ಷ ತಡವಾಗಿ, 1843ರಲ್ಲಿ. ಅದೂ ಗುಲಾಮರನ್ನು ಬಿಡಿಸಲಿಲ್ಲ. ಗುಲಾಮಗಿರಿಯ ಹಕ್ಕನ್ನು ಕೋರ್ಟುಗಳು ಮಾನ್ಯ ಮಾಡುವುದಿಲ್ಲ ಎಂದಿತು, ಅಷ್ಟೇ. ಪರಿಹಾರವಿಲ್ಲ, ಆದ್ದರಿಂದ ಕ್ಲೇಮಿಲ್ಲ. ಕ್ಲೇಮಿಲ್ಲ, ಆದ್ದರಿಂದ ಪಟ್ಟಿಯೂ ಇಲ್ಲ. ದಕ್ಷಿಣ ಕನ್ನಡದಲ್ಲಿ ನೆಲದ ಜೊತೆಗೇ ಕೈಬದಲಾಗುತ್ತಿದ್ದ ಆಳುಗಳಿದ್ದರು, ಸಾಲಕ್ಕೆ ಸಿಕ್ಕಿದ ಆಳುಗಳಿದ್ದರು. ಹಳೆಯ ಜಿಲ್ಲಾ ಕೈಪಿಡಿಗಳಲ್ಲಿ ‘ಮೂಲದ’, ‘ಸಾಲದ’ ಎಂಬ ಎರಡು ವರ್ಗಗಳನ್ನು ಜಾತಿಯ ಹೆಸರಿನ ಹಿಂದೆ ಹಚ್ಚಿಯೇ ಬರೆದಿದ್ದಾರೆ. ‘ಚೋಮನ ದುಡಿ’ ಓದಿದ ನಮಗೆ ಆ ಸಾಲ ಹೊಸದಲ್ಲ. ಆದರೆ ಜಮೈಕಾದ ಹಾಗೆ ಹೆಸರು, ವಯಸ್ಸು ಹಿಡಿದು ಹುಡುಕಬಹುದಾದ ಹಾಳೆ ನಮ್ಮ ತಾಲೂಕಿಗೆ ಇಲ್ಲ. ಲೆಕ್ಕವನ್ನೇ ಇಡದ ಕಡೆ ಆಡಿಟ್ ಮಾಡುವುದು ಹೇಗೆ?

ಅಷ್ಟರಲ್ಲಿ ಟೀಚರ್ ಕೇಳಿದ ಕಾಗದ ನೆನಪಾಯಿತು. ಊರಿನ ಮನೆಯ ಅಟ್ಟದಲ್ಲಿ ಅಜ್ಜನ ಗೇಣಿ ಲೆಕ್ಕದ ಪುಸ್ತಕಗಳಿದ್ದವು. ನಮ್ಮದು ಗೇಣಿ ಕೊಡುವ ಮನೆಯಲ್ಲ, ತೆಗೆದುಕೊಳ್ಳುವ ಮನೆ. ಅಣ್ಣನಿಗೆ ಫೋನ್ ಮಾಡಿದೆ. ‘ಗೆದ್ದಲು ತಿಂದು ಒಂದು ಉಳಿದದ್ದು ಉಂಟು, ಎಂತಕ್ಕೆ ಮಾರಾಯ್ತಿ?’ ಎಂದ. ಪುಟಪುಟದ ಫೋಟೋ ತೆಗೆದು ಕಳಿಸಿದ.

1953–54ರ ಪುಸ್ತಕ. ಮೊದಲ ಅರ್ಧ ಒಕ್ಕಲುಗಳ ಅಕ್ಕಿಮುಡಿಯ ಲೆಕ್ಕ, ಉಳಿದ ಅರ್ಧ ಆಳುಗಳ ಖಾತೆ. ಮಗಳಿಗೆ ನನ್ನ ಸಹಾಯವಿಲ್ಲದೆ ಕನ್ನಡ ಕೈಬರಹ ಓದಲಾಗದು. ಆದರೆ ಅಂಕಿಗಳನ್ನು ಬೇಗ ಹಿಡಿದಳು. 12 ಪೈಗೆ ಒಂದಾಣೆ, 16 ಆಣೆಗೆ ಒಂದು ರೂಪಾಯಿ ಎಂದಾಗ, ಓ, 12 ಪೆನ್ಸಿಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗಿಗೆ ಒಂದು ಪೌಂಡ್ ಇದ್ದ ಹಾಗೆ, ಎಂದಳು. ಆಳುಗಳ ಹೆಸರು ಓದಿ ಹೇಳಿದೆ: ಐತ, ಅಂಗಾರ, ಗುರುವ, ತನಿಯ. ಆದಿತ್ಯವಾರ ಹುಟ್ಟಿದವ ಐತ, ಮಂಗಳವಾರ ಅಂಗಾರ, ಗುರುವಾರ ಗುರುವ, ಶನಿವಾರ ತನಿಯ. ಅವಳು ಥಟ್ಟನೆ ಜಮೈಕಾದ ಪಟ್ಟಿ ತೆರೆದಳು. ಅಲ್ಲಿ ಕ್ವಾಶಿ, ಕಜೊ, ಕಫಿ. ಪಶ್ಚಿಮ ಆಫ್ರಿಕಾದ ಅಕಾನ್ ಜನರಲ್ಲಿ ಭಾನುವಾರ, ಸೋಮವಾರ, ಶುಕ್ರವಾರ ಹುಟ್ಟಿದ ಗಂಡುಮಕ್ಕಳ ಹೆಸರುಗಳು ಅವು. ‘ಎರಡೂ ಒಂದೇ!’ ಎಂದಳು. ಒಂದೇ ಅಲ್ಲ ಎಂದು ತಿದ್ದಬೇಕಾಯಿತು. ಅಕಾನ್‌ರಲ್ಲಿ ಅದು ದೊರೆಯಿಂದ ಆಳಿನವರೆಗೆ ಎಲ್ಲರೂ ಇಟ್ಟುಕೊಳ್ಳುವ ಹೆಸರು, ಕೋಫಿ ಅನ್ನಾನ್ ಅವರದೂ ಅದೇ ಶುಕ್ರವಾರ. ನಮ್ಮಲ್ಲಿ ಒಡೆಯನ ಮಗನಿಗೆ ಅಂಗಾರ ಎಂದು ಹೆಸರಿಟ್ಟದ್ದನ್ನು ನಾನು ಕಂಡಿಲ್ಲ. ಹೋಲುತ್ತದೆ ಎಂದ ಮಾತ್ರಕ್ಕೆ ಟ್ಯಾಲಿ ಆಯಿತು ಎನ್ನುವಂತಿಲ್ಲ.

ಅಂಗಾರನ ಖಾತೆ. (ಹೆಸರು ಬದಲಿಸಿದ್ದೇನೆ, ಅವನದು ಬೇರೆ ವಾರ.) ಹಿಂದಿನ ಬಾಕಿ 31 ರೂಪಾಯಿ 4 ಆಣೆ. ಮದುವೆ ಬಾಬ್ತು 25. ಅಕ್ಕಿ 6 ರೂಪಾಯಿ 12 ಆಣೆ. ಬಟ್ಟೆ 4 ರೂಪಾಯಿ 8 ಆಣೆ. ಕೆಳಗೆ ಗೆರೆ, ಒಟ್ಟು 69 ರೂಪಾಯಿ 8 ಆಣೆ, ಪಕ್ಕದಲ್ಲಿ ಹೆಬ್ಬೆಟ್ಟು. ಮಗಳು ಕೂಡಿಸಿದಳು. ಇನ್ನೊಮ್ಮೆ ಕೂಡಿಸಿದಳು. ‘ಅಮ್ಮ, ಇದು 67 ರೂಪಾಯಿ 8 ಆಣೆ.’

ಎರಡು ರೂಪಾಯಿ. ಅದೇ ಪುಸ್ತಕದ ಬೇರೆ ಪುಟದಲ್ಲಿ ಹೊರಗಿನಿಂದ ಬಂದ ಆಳಿಗೆ ದಿನಕ್ಕೆ ಎಂಟಾಣೆ ಕೊಟ್ಟ ಲೆಕ್ಕವಿದೆ. ನಾಲ್ಕು ದಿನದ ದುಡಿಮೆ. 69 ರೂಪಾಯಿ 8 ಆಣೆಯೇ ಮುಂದಿನ ವರ್ಷದ ‘ಹಿಂದಿನ ಬಾಕಿ’ಯಾಗಿ ಹೋಗಿದೆ.

ನನ್ನ ಅಜ್ಜ ನನಗೆ ಮಗ್ಗಿ ಕಲಿಸಿದವರು. ನಾನು ಸಿಎ ಆದದ್ದು ಅವರಿಂದ ಎಂದು ಎಲ್ಲರ ಹತ್ತಿರ ಹೇಳುತ್ತ ಬಂದವಳು. ಆ ರಾತ್ರಿ ಮಗಳು ಮಲಗಿದ ಮೇಲೆ ಇಡೀ ಪುಸ್ತಕವನ್ನು ಕೂಡಿಸಿದೆ, ಗ್ರಾಹಕರ ಪುಸ್ತಕದಂತೆಯೇ, ಪ್ರತಿ ಮೊತ್ತಕ್ಕೂ ಗುರುತು ಹಾಕುತ್ತ. ಒಟ್ಟು ಏಳು ತಪ್ಪು ಸಿಕ್ಕಿದವು. ಐದು ಅಜ್ಜನ ಲಾಭಕ್ಕೆ, ಎರಡು ಆಳಿನ ಲಾಭಕ್ಕೆ. ಏಳೂ ಒಂದೇ ಕಡೆಗಿದ್ದರೆ ಆಡಿಟರ್ ಆಗಿ ಏನು ಬರೆಯಬೇಕು ಎಂದು ಗೊತ್ತು. ಐದು ಮತ್ತು ಎರಡು ಎಂದರೆ ಏನು ಬರೆಯುವುದು? ರಾತ್ರಿ ಚಿಮಿಣಿ ದೀಪದಲ್ಲಿ ಕೂಡಿಸಿದ್ದಾರು, ಕಣ್ಣು ಮಂಜಾಗಿದ್ದೀತು. ಹೀಗೆ ನೆವಗಳನ್ನು ಹುಡುಕುತ್ತ ಕೂತಿದ್ದೆ. ಆ ಕೂಡುವಿಕೆಯನ್ನು ಪರೀಕ್ಷಿಸಲು ಅಂಗಾರನಿಗೆ ಅಕ್ಷರ ಬರುತ್ತಿರಲಿಲ್ಲ ಎಂಬುದಕ್ಕೆ ಮಾತ್ರ ಯಾವ ನೆವವೂ ಸಿಗಲಿಲ್ಲ.

ಮಗಳು ಆ ಪುಟವನ್ನು ತರಗತಿಗೆ ಒಯ್ಯಬೇಕೆಂದಳು. ಅಣ್ಣನಿಗೆ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ‘ಎರಡು ರೂಪಾಯಿಗೆ ಅಜ್ಜನನ್ನು ಲಂಡನ್ನಿನಲ್ಲಿ ಕಟಕಟೆಗೆ ಹತ್ತಿಸುತ್ತೀಯಾ? ಅವರ ಮದುವೆಗೆ ದುಡ್ಡು ಕೊಟ್ಟದ್ದು ಯಾರು? ಅದನ್ನೂ ಹೇಳು’ ಎಂದ. ಅದೂ ನಿಜ, ಇಪ್ಪತ್ತೈದು ರೂಪಾಯಿ ಅದೇ ಪುಟದಲ್ಲಿದೆ. ಬಹಳ ಯೋಚಿಸಿ, ಊರಿನ ಹೆಸರು, ಮನೆಯ ಹೆಸರು ಮುಚ್ಚಿ ಪುಟ ಕಳಿಸಿಕೊಟ್ಟೆ. ತರಗತಿಯಲ್ಲಿ ಮಕ್ಕಳು ಎರಡು ಗುಂಪಾಗಿ ಒಂದು ಗಂಟೆ ವಾದಿಸಿದರಂತೆ, ತಪ್ಪೋ ಮೋಸವೋ ಎಂದು. ಟೀಚರ್ ತೀರ್ಪು ಕೊಡಲಿಲ್ಲವಂತೆ. ಇದನ್ನು ನಿರ್ಧರಿಸಲು ಇನ್ನೂ ಯಾವ ಕಾಗದ ಬೇಕು ಎಂದು ಮಾತ್ರ ಬರೆಸಿದರಂತೆ. ಹೆಚ್ಚಿನವರು ಬರೆದದ್ದು: ಇನ್ನೊಂದು ವರ್ಷದ ಪುಸ್ತಕ. ಮಗಳು ಬರೆದದ್ದು: ಅಂಗಾರನ ಮನೆಯವರು ಏನನ್ನುತ್ತಾರೆ?

ಅವಳು ಇತಿಹಾಸವನ್ನು ಇಟ್ಟುಕೊಂಡಳು. ಬಿಸಿನೆಸ್ಸನ್ನೂ ಇಟ್ಟುಕೊಂಡಳೆನ್ನಿ, ನನಗೂ ಸಮಾಧಾನವಾಗಬೇಕಲ್ಲ.

ಬರುವ ಜುಲೈಯಲ್ಲಿ ಊರಿಗೆ ಹೋಗುತ್ತಿದ್ದೇವೆ. ಅಂಗಾರನ ಮೊಮ್ಮಗ ಅಲ್ಲಿಯೇ ಇದ್ದಾನಂತೆ, ಪೇಟೆಯಲ್ಲಿ ಆಟೋ ಓಡಿಸುತ್ತಾನಂತೆ; ಅಣ್ಣನಿಗೆ ಪರಿಚಯ. ನಾವು ಬರುವ ವಿಷಯ ಅವನಿಗೆ ತಿಳಿಸಿದ್ದೀಯಾ ಎಂದು ಹೋದ ವಾರ ಕೇಳಿದೆ. ‘ಬರುವುದು ಹೇಳಿದ್ದೇನೆ. ಎಂತಕ್ಕೆ ಬರುವುದು ಅಂತ ನೀನೇ ಹೇಳು’ ಎಂದ ಅಣ್ಣ. ಮಗಳು ಆ ಪುಟದ ಪ್ರತಿಯನ್ನು ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಹಾಕಿಟ್ಟಿದ್ದಾಳೆ. ಒಟ್ಟು ಮೊತ್ತದ ಪಕ್ಕದಲ್ಲಿ, ಪೆನ್ಸಿಲಿನಲ್ಲಿ, 67–8–0 ಎಂದು ಬರೆದಿದ್ದಾಳೆ.